ಸಂಘಕ್ಕೊಂದು ಲೋಹಶೋಧಕ ಕೊಳ್ಳುವ ಮುನ್ನ



ಸಂಘಗಳ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ಡಾಕ್ಟ್ರೇ, ಹಸುವಿನ ಹೊಟ್ಟೆಯಲ್ಲಿ ಮೊಳೆ, ತಂತಿ ಇದೆಯೋ ಇಲ್ಲವೋ ಎಂದು ಹೇಳುವ ಯಂತ್ರ ಇದೆಯಂತಲ್ಲ, ನಮ್ಮ ಸಂಘಕ್ಕೂ ಒಂದು ತರಿಸೋಣವೇ? ಯಾವುದನ್ನು ತರಿಸಬೇಕು?" ಕೇಳುವವರಲ್ಲಿ ಹಲವರು ತುಂಬು ಗಬ್ಬದ ಹಸುವನ್ನು ಇದೇ ಕಾರಣಕ್ಕೆ ಕಳೆದುಕೊಂಡವರು. ಆದ್ದರಿಂದ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸರಿಯಲ್ಲ. ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್, ಉಪಯುಕ್ತ ಸಾಧನ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿಯದೆ ಕೊಂಡರೆ ಸಂಘದ ಹಣವೂ ಹೋದೀತು, ಯಂತ್ರವನ್ನು ನಂಬಿ ರಾಸೂ ಹೋದೀತು. ಮೊದಲ ಸಲ ಕೊಳ್ಳುವವರಿಗಾಗಿ ಈ ಪಾಠ.

ಮೊಳೆ ಹೊಟ್ಟೆ ಸೇರುವ ಬಗೆ

ಆಡು ಕುರಿಗಳು ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತವೆ. ದನ, ಎಮ್ಮೆಗಳು ಹಾಗಲ್ಲ. ನಾಲಿಗೆ ಚಾಚಿ ಮೇವನ್ನು ಸುತ್ತಿ ಒಳಗೆಳೆದು, ಅರೆಬರೆ ಅಗಿದು ನುಂಗಿಬಿಡುತ್ತವೆ. ನಿಧಾನವಾಗಿ ಅಗಿಯುವ ಕೆಲಸವೇನಿದ್ದರೂ ಮೆಲುಕು ಹಾಕುವಾಗ. ಹೀಗಾಗಿ ಮೇವಿನ ಜೊತೆಗೆ ಬಂದ ಮೊಳೆ, ತಂತಿ, ಸೂಜಿ, ಪಿನ್ನು ಬಾಯಲ್ಲಿ ಸಿಕ್ಕಿಬೀಳದೆ ನೇರ ಹೊಟ್ಟೆಗೆ ಇಳಿಯುತ್ತವೆ.

ದನದ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದು ಜೇನುಹುಟ್ಟಿನಂತೆ ಗೂಡುಗೂಡಾಗಿರುತ್ತದೆ. ಭಾರವಾದ ವಸ್ತುಗಳು ಬಂದು ನಿಲ್ಲುವುದು ಇಲ್ಲಿಯೇ. ಈ ಹೊಟ್ಟೆ ನಿಮಿಷಕ್ಕೊಮ್ಮೆ ಎಂಬಂತೆ ಬಿಗಿಯಾಗಿ ಹಿಂಡಿಕೊಳ್ಳುತ್ತದೆ. ಒಳಗಿರುವ ಚೂಪಾದ ತಂತಿ ಆಗ ಗೋಡೆಗೆ ಚುಚ್ಚಿಕೊಳ್ಳುತ್ತದೆ. ಇದರ ಮುಂದೆಯೇ ವಪೆ, ವಪೆಯ ಆಚೆಗೆ ಕೆಲವೇ ಅಂಗುಲ ದೂರದಲ್ಲಿ ಹೃದಯ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಬೆಳೆದ ಕರು ಹೊಟ್ಟೆಯನ್ನು ಮುಂದಕ್ಕೆ ಒತ್ತುತ್ತದೆ; ಈಯುವಾಗ ಹಸು ತಿಣುಕುತ್ತದೆ. ಎಷ್ಟೋ ತಿಂಗಳು ಸುಮ್ಮನಿದ್ದ ತಂತಿ ಮುಂದೆ ಸರಿಯುವುದು ಸಾಮಾನ್ಯವಾಗಿ ಈ ಕಾಲದಲ್ಲಿ. ಎಮ್ಮೆಗಳಲ್ಲಿ ಇದರಿಂದ ವಪೆ ಹರಿದು ಹೊಟ್ಟೆಯ ಭಾಗ ಎದೆಗೂಡಿಗೆ ನುಗ್ಗುವುದೂ ಉಂಟು.

ಯಂತ್ರ ಕೆಲಸ ಮಾಡುವ ರೀತಿ

ಲೋಹಶೋಧಕದ ತುದಿಯಲ್ಲಿ ತಟ್ಟೆಯಾಕಾರದ ಒಂದು ಭಾಗವಿದೆ. ಅದರೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯ ಶಕ್ತಿಯಿಂದ ಸುರುಳಿಯ ಸುತ್ತ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಈ ಕ್ಷೇತ್ರದೊಳಗೆ ಲೋಹವೊಂದು ಬಂದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ ಕ್ಷೇತ್ರವನ್ನು ಕದಡುತ್ತದೆ. ಆ ಕದಡುವಿಕೆಯನ್ನು ಗುರುತಿಸಿ ಯಂತ್ರ ಸದ್ದು ಮಾಡುತ್ತದೆ.

ಇದರಿಂದ ಮೂರು ವಿಷಯ ತಿಳಿಯುತ್ತವೆ. ಒಂದು, ಕಬ್ಬಿಣವಷ್ಟೇ ಅಲ್ಲ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ ಎಲ್ಲಕ್ಕೂ ಸದ್ದು ಬರುತ್ತದೆ. ಎರಡು, ಲೋಹವಲ್ಲದ್ದಕ್ಕೆ ಸದ್ದು ಬರುವುದಿಲ್ಲ. ಪ್ಲಾಸ್ಟಿಕ್ ಚೀಲ, ನೈಲಾನ್ ಹಗ್ಗ ಹೊಟ್ಟೆ ತುಂಬ ಇದ್ದರೂ ಯಂತ್ರ ಮೌನವಾಗಿರುತ್ತದೆ. ಮೂರು, ಲೋಹ ಎಷ್ಟು ಸಣ್ಣದೋ, ಎಷ್ಟು ದೂರವೋ ಸದ್ದು ಅಷ್ಟು ಕ್ಷೀಣ. ದಪ್ಪ ಮೊಳೆಗಿಂತ ಕೂದಲೆಳೆಯಂಥ ಟೈರಿನ ತಂತಿಯೇ ಹೆಚ್ಚು ಅಪಾಯಕಾರಿ. ಆದರೆ ಯಂತ್ರಕ್ಕೆ ಕಷ್ಟವಾಗುವುದೂ ಅದೇ.

ಯಾವ ಬಗೆಯ ಯಂತ್ರ?

ಪೇಟೆಯಲ್ಲಿ ಮುಖ್ಯವಾಗಿ ಎರಡು ಆಕಾರದ ಯಂತ್ರಗಳು ಸಿಗುತ್ತವೆ.

ಮೊದಲನೆಯದು ಕೈಕೋಲು. ವಿಮಾನ ನಿಲ್ದಾಣ, ನ್ಯಾಯಾಲಯಗಳ ಬಾಗಿಲಲ್ಲಿ ಪೊಲೀಸರು ನಮ್ಮ ಮೈಮೇಲೆ ಆಡಿಸುವಂಥದು. ಹಗುರ, ಬೆಲೆ ಕಡಿಮೆ, ಕಲಿಯುವುದು ಸುಲಭ. ಆದರೆ ಬಟ್ಟೆಯೊಳಗಿನ ವಸ್ತುವನ್ನು ಹುಡುಕಲು ಮಾಡಿದ ಯಂತ್ರ ಅದು, ಆಳಕ್ಕೆ ಹೋಗುವುದಿಲ್ಲ. ಮೇವಿನ ಕಂತೆ, ಬೂಸಾದ ಚೀಲ ಪರೀಕ್ಷಿಸಲು ಚೆನ್ನ. ಬೆಳೆದ ಹಸುವಿನ ಹೊಟ್ಟೆಗೆ ಸಾಲದು.

ಎರಡನೆಯದು ಉದ್ದ ಕೋಲಿನ ತುದಿಗೆ ತಟ್ಟೆ ಇರುವ, ನೆಲ ಶೋಧಿಸುವ ಯಂತ್ರ. ಹೊರದೇಶಗಳಲ್ಲಿ ಹೊಲ, ಕಡಲತೀರಗಳಲ್ಲಿ ಹಳೆಯ ನಾಣ್ಯ ಹುಡುಕುವ ಹವ್ಯಾಸಿಗಳಿಗಾಗಿ ತಯಾರಾಗುವುದು ಹೆಚ್ಚಾಗಿ ಇದು. ಸುಮಾರು ತಟ್ಟೆಯ ಅಗಲದಷ್ಟು ಆಳದಲ್ಲಿರುವ ನಾಣ್ಯವನ್ನು ಇದು ಕಂಡುಹಿಡಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಸಣ್ಣ ತಂತಿಗೆ ಈ ಆಳ ಇನ್ನೂ ಕಡಿಮೆ. ಸಂಘಕ್ಕೆ ಒಂದೇ ಯಂತ್ರ ಎಂದಾದರೆ ಈ ಬಗೆಯದೇ ಇರಲಿ. ತಟ್ಟೆ 8ರಿಂದ 10 ಅಂಗುಲ ಅಗಲವಿರಲಿ. ಅದಕ್ಕಿಂತ ದೊಡ್ಡದು ಆಳಕ್ಕೆ ಹೋದರೂ ಹಸುವಿನ ಮುಂಗಾಲಿನ ಹಿಂದೆ ಆಡಿಸಲು ಅಡ್ಡಿ, ಸಣ್ಣ ವಸ್ತುವನ್ನು ತಪ್ಪಿಸುವುದೂ ಹೆಚ್ಚು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ನಾಣ್ಯ ಹುಡುಕುವ ಹವ್ಯಾಸಿಗೆ ತುಕ್ಕು ಹಿಡಿದ ಮೊಳೆ ಬೇಡದ ವಸ್ತು. ಆದ್ದರಿಂದ ಅವನಿಗೆ ಮಾರುವ ಯಂತ್ರಗಳಲ್ಲಿ ಕಬ್ಬಿಣಕ್ಕೆ ಸದ್ದು ಮಾಡದೆ ಬಿಟ್ಟುಬಿಡುವ ಏರ್ಪಾಡು ಇರುತ್ತದೆ. ಅಂಗಡಿಯವರು ಇದನ್ನೇ ದೊಡ್ಡ ಗುಣವೆಂದು ಹೊಗಳುತ್ತಾರೆ. ನಮಗೆ ಬೇಕಾದದ್ದು ಅದೇ ಮೊಳೆ! ಎಲ್ಲ ಲೋಹಕ್ಕೂ ಸದ್ದು ಕೊಡುವಂತೆ ಇಡಲು ಬರುವ ಯಂತ್ರವನ್ನೇ ಕೊಳ್ಳಿರಿ, ಯಾವಾಗಲೂ ಹಾಗೆಯೇ ಇಟ್ಟಿರಿ. ಚಿನ್ನ, ಬೆಳ್ಳಿ ಬೇರೆ ಬೇರೆ ತೋರಿಸುವ ಪರದೆಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಕೊಳ್ಳುವಾಗ ನೋಡಬೇಕಾದ ಅಂಶಗಳು

1. ಸೂಕ್ಷ್ಮತೆಯನ್ನು ಏರಿಸಿ ಇಳಿಸುವ ಗುಂಡಿ ಇರಬೇಕು.

2. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಜೋಡಿಸಲು ಬರಬೇಕು. ಯಂತ್ರ ಕೀಚ್ ಎಂದರೆ ಹಸು ಬೆದರುತ್ತದೆ. ಕ್ಷೀಣ ಸದ್ದು ಕೊಟ್ಟಿಗೆಯ ಗಲಾಟೆಯಲ್ಲಿ ನಿಮಗೂ ಕೇಳಿಸದು.

3. ತಟ್ಟೆ ನೀರು ತಾಗಿದರೆ ಕೆಡದಂಥದಾಗಿರಲಿ. ಗಂಜಲ, ಸಗಣಿ ಮೆತ್ತಿದ ಮೇಲೆ ತೊಳೆಯಲೇಬೇಕು. ಎಷ್ಟೋ ಯಂತ್ರಗಳಲ್ಲಿ ತಟ್ಟೆಗೆ ಮಾತ್ರ ಈ ರಕ್ಷಣೆ ಇರುತ್ತದೆ, ಮೇಲಿನ ಪೆಟ್ಟಿಗೆಗೆ ಇರುವುದಿಲ್ಲ. ಕೇಳಿ ತಿಳಿದುಕೊಳ್ಳಿರಿ.

4. ನಿಮ್ಮ ಊರಿನಲ್ಲೇ ಸಿಗುವ ಸೆಲ್ಲುಗಳಿಂದ ನಡೆಯುವಂತಿದ್ದರೆ ಒಳ್ಳೆಯದು. ಕೆಲಸವಿಲ್ಲದ ದಿನಗಳಲ್ಲಿ ಸೆಲ್ಲು ತೆಗೆದಿಡಿ. ಸೋರಿದರೆ ಯಂತ್ರ ಕೆಡುತ್ತದೆ.

5. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿಯೂ ಬಳ್ಳಾರಿ, ಸಂಡೂರು ಕಡೆಯ ಅದಿರಿನ ಮಣ್ಣಿನಲ್ಲಿಯೂ ಕಬ್ಬಿಣದ ಅಂಶ ಹೆಚ್ಚು. ಅಲ್ಲಿ ಬರಿಯ ನೆಲಕ್ಕೇ ಯಂತ್ರ ಕೂಗಬಹುದು. ಅಂಥ ಕಡೆಯ ಸಂಘದವರು ನೆಲದ ಗುಣಕ್ಕೆ ಹೊಂದಿಸಿಕೊಳ್ಳಲು ಬರುವ ಯಂತ್ರವನ್ನೇ ಆರಿಸಬೇಕು.

6. ರಿಪೇರಿ ಎಲ್ಲಿ, ಬಿಡಿಭಾಗ ಎಲ್ಲಿ ಎಂದು ಕೇಳಿ, ರಸೀದಿ ಮತ್ತು ವಾರಂಟಿ ಪತ್ರವನ್ನು ಸಂಘದ ಹೆಸರಿನಲ್ಲೇ ಪಡೆಯಿರಿ.

ಅಂಗಡಿಯಲ್ಲಿ ಮೇಜಿನ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಸದ್ದು ಕೇಳಿಸಿದರೆ ಒಪ್ಪಬೇಡಿ. ಹೋಗುವಾಗ ಒಂದು ಗೋಣಿಚೀಲದಲ್ಲಿ ನೀರು ಚಿಮುಕಿಸಿದ ಹಸಿಹುಲ್ಲನ್ನು ಒತ್ತಿ ತುಂಬಿ ಒಯ್ಯಿರಿ. ಎರಡು ಅಂಗುಲದ ಮೊಳೆ, ಹಳೆಯ ಟೈರಿನಿಂದ ಕಿತ್ತ ತಂತಿ, ಒಂದು ಹೇರ್‌ಪಿನ್, ಈ ಮೂರನ್ನು ಒಂದೊಂದಾಗಿ ಚೀಲದ ಅಡಿಯಲ್ಲಿಟ್ಟು ಮೇಲಿನಿಂದ ತಟ್ಟೆಯನ್ನು ಆಡಿಸಿ ನೋಡಿ. ವಸ್ತುವನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿಟ್ಟು ಪರೀಕ್ಷಿಸಿ, ಏಕೆಂದರೆ ಮೊಳೆ ಮಲಗಿದ ದಿಕ್ಕಿನ ಮೇಲೆ ಸದ್ದು ಬದಲಾಗುತ್ತದೆ. ಯಾವ ಯಂತ್ರ ಟೈರಿನ ತಂತಿಯನ್ನು ಹೆಚ್ಚು ದೂರದಿಂದ ಗುರುತಿಸುತ್ತದೆಯೋ ಅದು ನಿಮ್ಮ ಯಂತ್ರ. ಹೆಸರು, ಬಣ್ಣ ಯಾವುದಾದರೂ ಆಗಲಿ.

140 ವರ್ಷಗಳ ಹಿಂದಿನ ಒಂದು ಪಾಠ

ಜೀವವಿರುವ ಶರೀರದೊಳಗೆ ಲೋಹ ಹುಡುಕಲು ಇಂಥ ಯಂತ್ರ ಬಳಸಿದ ಮೊದಲ ಪ್ರಯತ್ನಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದಲ್ಲಿ ನಡೆಯಿತು. 1881ರ ಜುಲೈ 2ರಂದು ಅಲ್ಲಿನ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ತಗುಲಿತು. ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ರೇ ಆಗಿನ್ನೂ ಬಂದಿರಲಿಲ್ಲ. ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳಿಂದ ಒಂದು ಶೋಧಕ ತಯಾರಿಸಿ ತಂದು ಎರಡು ಸಲ ಪರೀಕ್ಷಿಸಿದರು. ಗುಂಡು ಸಿಗಲಿಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು.

ಯಂತ್ರ ಕೆಟ್ಟಿರಲಿಲ್ಲ. ರೋಗಿ ಮಲಗಿದ್ದ ಹಾಸಿಗೆಯ ಒಳಗೆ ಉಕ್ಕಿನ ಸ್ಪ್ರಿಂಗುಗಳಿದ್ದು ಸದ್ದನ್ನು ಗೊಂದಲ ಮಾಡಿದವು. ಜೊತೆಗೆ, ಗುಂಡು ಬಲಭಾಗದಲ್ಲೇ ಇದೆ ಎಂದು ಮುಖ್ಯ ವೈದ್ಯರು ನಿರ್ಧರಿಸಿಬಿಟ್ಟಿದ್ದರಿಂದ ಶೋಧ ಆ ಭಾಗಕ್ಕೆ ಸೀಮಿತವಾಯಿತು. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಎಡಭಾಗದಲ್ಲಿತ್ತು. ನಮ್ಮ ಕೊಟ್ಟಿಗೆಗೂ ಈ ಎರಡು ಪಾಠ ಸಾಕು. ಸುತ್ತಲಿನ ಕಬ್ಬಿಣವನ್ನು ಮೊದಲು ದೂರ ಮಾಡಿ; ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹುಡುಕಬೇಡಿ.

ರಾಸನ್ನು ಪರೀಕ್ಷಿಸುವ ಕ್ರಮ

ಕಬ್ಬಿಣದ ಪೈಪಿನ ಟ್ರೆವಿಸ್‌ನಲ್ಲಿ ನಿಲ್ಲಿಸಿ ಪರೀಕ್ಷಿಸಬೇಡಿ. ಕಂಬಿ ಹಾಕಿದ ಕಾಂಕ್ರೀಟ್ ನೆಲವೂ ಬೇಡ. ಮಣ್ಣು ನೆಲದಲ್ಲಿ, ಮರಕ್ಕೋ ಮರದ ಗೂಟಕ್ಕೋ ನೂಲಿನ ಹಗ್ಗದಿಂದ ಕಟ್ಟಿ. ಕೊರಳ ಗಂಟೆ, ಸರಪಳಿ ಬಿಚ್ಚಿ. ಎತ್ತಾದರೆ ಕಾಲಿನ ಲಾಳ ಸದ್ದು ಮಾಡುತ್ತದೆಂಬ ನೆನಪಿರಲಿ. ಪರೀಕ್ಷಿಸುವವರು ಬೀಗದ ಕೈ, ಬಳೆ, ಉಂಗುರ, ಬೆಲ್ಟು, ಮೊಬೈಲು ಫೋನುಗಳನ್ನು ಪಕ್ಕಕ್ಕಿಡಬೇಕು. ಹತ್ತಿರದಲ್ಲಿ ಪಂಪ್‌ಸೆಟ್ಟು, ಹಾಲು ಕರೆಯುವ ಯಂತ್ರ ಓಡುತ್ತಿದ್ದರೆ ನಿಲ್ಲಿಸಿ.

ಮೊದಲು ಹಸುವಿಲ್ಲದ ಬರಿಯ ಜಾಗದಲ್ಲಿ ತಟ್ಟೆ ಆಡಿಸಿ ಯಂತ್ರ ಮೌನವಾಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಎಡ ಮುಂಗಾಲಿನ ಮೊಣಕೈ ಹಿಂದಿನಿಂದ ತೊಡಗಿ, ಎದೆಮೂಳೆ ಮುಗಿಯುವ ಕೆಳಭಾಗದವರೆಗೆ, ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ಆಡಿಸಿ. ಎರಡನೆಯ ಹೊಟ್ಟೆ ಚರ್ಮಕ್ಕೆ ಸಮೀಪವಾಗಿರುವುದು ಇಲ್ಲಿ. ನಂತರ ಬಲಭಾಗದಲ್ಲಿಯೂ ಹಾಗೆಯೇ ಮಾಡಿ. ಮೂರು ಸಲ ಒಂದೇ ಜಾಗದಲ್ಲಿ ಸದ್ದು ಬಂದರೆ ಮಾತ್ರ ಲೋಹವಿದೆ ಎಂದು ಬರೆದುಕೊಳ್ಳಿ.

ಸದ್ದು ಬಂದರೆ ಏನರ್ಥ?

ಈ ಪಾಠದ ತಿರುಳು ಇಲ್ಲಿದೆ. ಸದ್ದು ಬಂದರೆ ಹೊಟ್ಟೆಯಲ್ಲಿ ಲೋಹ ಇದೆ ಎಂದಷ್ಟೇ ಅರ್ಥ. ಅದು ಚುಚ್ಚಿದೆ ಎಂದಲ್ಲ. ಆರೋಗ್ಯವಾಗಿ ಮೇಯುತ್ತ, ಹಾಲು ಕೊಡುತ್ತಿರುವ ಎಷ್ಟೋ ಹಸುಗಳ ಹೊಟ್ಟೆಯಲ್ಲಿ ಮೊಳೆ ಚೂರುಗಳು ಸುಮ್ಮನೆ ಬಿದ್ದಿರುತ್ತವೆ. ಇನ್ನೊಂದು ಕಡೆ, ತೆಳು ತಂತಿ ಚುಚ್ಚಿ ನರಳುತ್ತಿರುವ ಹಸುವಿನ ಮೇಲೆ ಯಂತ್ರ ಸುಮ್ಮನಿರಲೂ ಬಹುದು.

ಹಾಗಾದರೆ ರೋಗವನ್ನು ತಿಳಿಯುವುದು ಹೇಗೆ? ಹಸುವನ್ನು ನೋಡಿ. ನಿನ್ನೆ 12 ಲೀಟರು ಕೊಟ್ಟ ಹಸು ಇಂದು ದಿಢೀರನೆ 4 ಲೀಟರಿಗೆ ಇಳಿಯುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿಸಿ, ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುತ್ತದೆ. ಇಳಿಜಾರು ಇಳಿಯಲು ಹಿಂಜರಿಯುತ್ತದೆ. ಮಲಗುವಾಗ, ಸಗಣಿ ಹಾಕುವಾಗ ಮುಲುಕುತ್ತದೆ. ಜ್ವರ 103, 104 ಡಿಗ್ರಿ. ಹಿಣಿಲಿನ ಹಿಂದೆ ಬೆನ್ನಿನ ಚರ್ಮವನ್ನು ಬಿಗಿಯಾಗಿ ಚಿವುಟಿದರೆ ಆರೋಗ್ಯವಂತ ಹಸು ಬೆನ್ನು ತಗ್ಗಿಸುತ್ತದೆ. ಈ ಹಸು ತಗ್ಗಿಸಲೊಲ್ಲದು, ನರಳುತ್ತದೆ. ಇವು ಕಂಡರೆ ಯಂತ್ರ ಕೂಗಲಿ ಬಿಡಲಿ, ಅಂದೇ ಪಶುವೈದ್ಯರನ್ನು ಕರೆಸಿ. ಅಜೀರ್ಣವೆಂದು ಕಷಾಯ ಕುಡಿಸುತ್ತ, ದೃಷ್ಟಿ ತೆಗೆಯುತ್ತ ನಾಲ್ಕು ದಿನ ಕಳೆಯಬೇಡಿ. ಮೊದಲ ದಿನಗಳಲ್ಲಿ ಅಯಸ್ಕಾಂತ, ಔಷಧಿ, ಮುಂಗಾಲು ಎತ್ತರದಲ್ಲಿರುವಂತೆ ಕಟ್ಟಿ ವಿಶ್ರಾಂತಿ ಕೊಡುವುದು, ಅಗತ್ಯವಾದರೆ ಎಡಪಕ್ಕೆಯಲ್ಲಿ ಶಸ್ತ್ರಚಿಕಿತ್ಸೆ, ಇವುಗಳಿಂದ ಹಸು ಉಳಿಯುವ ಅವಕಾಶ ಚೆನ್ನಾಗಿದೆ. ಗಂಗೆದೊಗಲಿನಲ್ಲಿ ನೀರು ತುಂಬಿ ಜೋತು, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿದರೆ ತಂತಿ ಹೃದಯದ ಪೊರೆಯನ್ನು ಮುಟ್ಟಿದೆ ಎಂದು ತಿಳಿಯಬೇಕು. ಆ ಹಂತದಲ್ಲಿ ನಾವು ಮಾಡಬಹುದಾದದ್ದು ಬಹಳ ಕಡಿಮೆ.

ಅಯಸ್ಕಾಂತ ಮೊದಲು, ಯಂತ್ರ ಆಮೇಲೆ

ಸಂಘದ ಬಳಿ ಹಣ ಮಿತವಾಗಿದ್ದರೆ ಮೊದಲು ಅಯಸ್ಕಾಂತಗಳನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಬೆರಳುದ್ದದ, ನುಣುಪು ತುದಿಯ ಈ ಅಯಸ್ಕಾಂತವನ್ನು ಪಶುವೈದ್ಯರು ಬಾಯಿಯ ಮೂಲಕ ನುಂಗಿಸುತ್ತಾರೆ. ಅದು ಎರಡನೆಯ ಹೊಟ್ಟೆಯಲ್ಲಿ ಕುಳಿತು ಹಸು ಇರುವವರೆಗೂ ಮೊಳೆ, ತಂತಿಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಚುಚ್ಚದಂತೆ ಹಿಡಿದಿಡುತ್ತದೆ. ಒಂದು ವರ್ಷ ದಾಟಿದ ಪಡ್ಡೆಗೆ, ಗಬ್ಬ ಕಟ್ಟಿಸುವ ಮುನ್ನವೇ ಕೊಡಿಸುವುದು ಒಳ್ಳೆಯದು. ತಾಮ್ರ, ಅಲ್ಯೂಮಿನಿಯಂಗಳನ್ನು ಅಯಸ್ಕಾಂತ ಹಿಡಿಯದು. ಆಗಲೇ ಚುಚ್ಚಿ ಹೊರಬಿದ್ದ ತಂತಿಯನ್ನೂ ಹಿಂದಕ್ಕೆಳೆಯದು.

ಅಯಸ್ಕಾಂತ ನುಂಗಿದ ಹಸುವಿನ ಮೇಲೆ ಲೋಹಶೋಧಕ ಪ್ರತಿ ಸಲವೂ ಕೂಗುತ್ತದೆ. ಇದಕ್ಕೆ ಸುಲಭ ಉಪಾಯ ದಿಕ್ಸೂಚಿ. ಮಕ್ಕಳ ಶಾಲೆಯ ದಿಕ್ಸೂಚಿಯನ್ನು ಎಡ ಮೊಣಕೈ ಹಿಂದೆ ಹಿಡಿದಾಗ ಮುಳ್ಳು ಉತ್ತರ ಬಿಟ್ಟು ಹಸುವಿನ ಕಡೆಗೆ ತಿರುಗಿದರೆ ಒಳಗೆ ಅಯಸ್ಕಾಂತವಿದೆ, ಇನ್ನೊಂದು ಕೊಡಬಾರದು. ಕೊಟ್ಟ ದಿನಾಂಕವನ್ನು ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಂದಿಗೆ ಸಂಘದ ಪುಸ್ತಕದಲ್ಲಿ ಬರೆದಿಡಿ. ಹಸುವನ್ನು ಮಾರಿದರೆ ಕೊಂಡವರಿಗೂ ತಿಳಿಸಿ.

ಯಂತ್ರದ ನಿಜವಾದ ಉಪಯೋಗ

ಹೊಟ್ಟೆಗೆ ಹೋದ ಮೊಳೆಯನ್ನು ಹುಡುಕುವುದಕ್ಕಿಂತ ಹೋಗುವ ಮುನ್ನವೇ ಹುಡುಕುವುದು ಲೇಸಲ್ಲವೇ? ಲೋಹಶೋಧಕಕ್ಕೆ ನಿತ್ಯದ ಕೆಲಸ ಇರುವುದು ಇಲ್ಲಿ. ಮನೆ ಕಟ್ಟಿಸಿದ ಮೇಲೆ, ಹಳೆಯ ಸೂರು ಬಿಚ್ಚಿದ ಮೇಲೆ, ತಂತಿಬೇಲಿ ದುರಸ್ತಿಯಾದ ಮೇಲೆ, ಮದುವೆಯ ಚಪ್ಪರ ತೆಗೆದ ಮೇಲೆ ಆ ಜಾಗವನ್ನೂ ಹುಲ್ಲಿನ ಬಣವೆಯ ಸುತ್ತಲನ್ನೂ ಶೋಧಿಸಿ. ಕಂಬಿ ಕಟ್ಟುವ ತೆಳು ತಂತಿಯ ತುಂಡುಗಳು ಒಂದೇ ಅಂಗಳದಲ್ಲಿ ಎಷ್ಟೊಂದು ಸಿಗುತ್ತವೆ ಎಂದು ನೋಡಿದರೆ ಆಶ್ಚರ್ಯಪಡುತ್ತೀರಿ. ಹಳೆಯ ಟೈರನ್ನು ಗೋದಲಿ ಮಾಡಿಕೊಂಡಿದ್ದರೆ ಬಿಟ್ಟುಬಿಡಿ. ರಬ್ಬರು ಸವೆದಂತೆ ಉಕ್ಕಿನ ಎಳೆಗಳು ಉದುರುತ್ತವೆ. ಮೇವು ಕತ್ತರಿಸುವ ಯಂತ್ರದ ಬಾಯಿಯಲ್ಲಿ, ಮೇವು ಬೀಳುವ ಕಡೆ, ಕೆಟ್ಟ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಭದ್ರವಾಗಿ ಕಟ್ಟಿ. ವಾರಕ್ಕೊಮ್ಮೆ ಅದಕ್ಕೆ ಅಂಟಿದ್ದನ್ನು ತೆಗೆದು ಡಬ್ಬಿಗೆ ಹಾಕಿ ಎಲ್ಲರಿಗೂ ತೋರಿಸಿ. ಹಾಳಾದ ಬ್ಯಾಟರಿಯ ಸೀಸದ ತಟ್ಟೆಗಳನ್ನು ರಾಸು ನೆಕ್ಕಿದರೆ ವಿಷವೇರುತ್ತದೆ. ಅಯಸ್ಕಾಂತ ಸೀಸವನ್ನು ಹಿಡಿಯದು, ಲೋಹಶೋಧಕ ಹಿಡಿಯುತ್ತದೆ.

ಒಂದು ಮಾತು, ನಿಧಿಯ ಬಗ್ಗೆ

ಈ ಯಂತ್ರ ಊರಿಗೆ ಬಂದರೆ "ರಾತ್ರಿಗೆ ಒಮ್ಮೆ ಕೊಡಿ, ಹಳೆಯ ಗುಡಿಯ ಹತ್ತಿರ ನೋಡಿ ಬರುತ್ತೇವೆ" ಎನ್ನುವವರು ಬಂದೇ ಬರುತ್ತಾರೆ. ಕೊಡಬೇಡಿ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಸಂಘದ ಯಂತ್ರ ಕಾರ್ಯದರ್ಶಿಯ ಸುಪರ್ದಿನಲ್ಲಿರಲಿ. ಯಾರು, ಎಂದು, ಯಾವ ರಾಸಿಗೆ ಒಯ್ದರು ಎಂದು ಸಹಿ ಪಡೆದು ಕೊಡಿ.

ಸಭೆಯಲ್ಲಿ ಚರ್ಚಿಸಿರಿ

1. ಕಳೆದ ಎರಡು ವರ್ಷಗಳಲ್ಲಿ ನಮ್ಮ ಸಂಘದಲ್ಲಿ ಮೊಳೆ, ತಂತಿಯಿಂದ ಸತ್ತ ರಾಸುಗಳೆಷ್ಟು? ಅವು ಗಬ್ಬದ ಎಷ್ಟನೆಯ ತಿಂಗಳಲ್ಲಿದ್ದವು?

2. ಈ ವರ್ಷ ಊರಿನಲ್ಲಿ ಮನೆ ಕಟ್ಟುತ್ತಿರುವ ಹೈನುಗಾರರು ಯಾರು? ಅವರ ಅಂಗಳ ಶೋಧಿಸುವ ದಿನ ಯಾವುದು?

3. ಅಕ್ಕಪಕ್ಕದ ಎರಡು ಮೂರು ಸಂಘಗಳು ಸೇರಿ ಒಂದೇ ಯಂತ್ರ ಕೊಂಡು, ಒಬ್ಬರಿಗೆ ತರಬೇತಿ ಕೊಡಿಸಬಹುದೇ?

ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಯಂತ್ರದ ಅಂಗಡಿಗೆ ಹೋಗಿರಿ. ಯಂತ್ರ ಕೊಂಡ ಮೇಲೂ ದಿನ ಬೆಳಗಾದರೆ ಹಸುವಿನ ಬೆನ್ನು, ಮೆಲುಕು, ಹಾಲಿನ ಅಳತೆ ಮೂರನ್ನೂ ನಿಮ್ಮ ಕಣ್ಣಿನಿಂದಲೇ ನೋಡಿರಿ. ಮೂರರಲ್ಲಿ ಒಂದು ತಪ್ಪಿದ ದಿನವೇ ಡಾಕ್ಟರಿಗೆ ಹೇಳಿ ಕಳುಹಿಸಿರಿ.